ಬಾಯಿಗೆ ಬಟ್ಟೆ ತುರುಕಿದ್ದ ಕೋವಿ

ಕೋವಿ ತಾನಾಗಿ ಸಿಡಿಯಲಿಲ್ಲ. ವೆಂಕಟರೆಡ್ಡಿ ಸುಳ್ಳು ಹೇಳಿದ, ಪೊಲೀಸರು ನಂಬಿದರು, ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆಗಿದ್ದು ಇಷ್ಟೇ.

ಕಳೆದ ವಿಧಾನಸಭೆ ಚುನಾವಣೆಯ ಹೊತ್ತಿಗೆ, ಗೌರಿಬಿದನೂರು ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ನಾನು ಸೇರಿ ಹತ್ತೊಂಬತ್ತು ವರ್ಷ ಕಳೆದಿತ್ತು. ಕಾಡುಹಂದಿ ಕಾಟಕ್ಕೆಂದು ನಮ್ಮ ಕಡೆ ಕೆಲವು ರೈತರಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಚುನಾವಣೆ ಬಂದರೆ ಅವರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಹೆಚ್ಚಿನವು ಹಳೆಯವು, ನಳಿಕೆಯ ಬಾಯಿಂದ ಸಿಡಿಮದ್ದು, ಗುಂಡು ಸುರಿದು ಕಬ್ಬಿಣದ ಕಡ್ಡಿಯಿಂದ ಜಡಿಯಬೇಕು. ಜಡಿದದ್ದನ್ನು ಖಾಲಿ ಮಾಡಲು ಗಾಳಿಗೆ ಹಾರಿಸಬೇಕು. ಮದ್ದು ಸಿಗುವುದೇ ಕಷ್ಟ. ಹಾಗೆ ಹಾಳುಮಾಡಲು ಯಾರಿಗೂ ಮನಸ್ಸು ಬಾರದು.

"ಖಾಲಿ ಏನಪ್ಪಾ?" ಎಂದು ಕಾನ್‌ಸ್ಟೆಬಲ್ ಬಸವರಾಜು ಕೇಳಿದ.

"ಖಾಲಿ ಸಾರ್, ದೇವ್ರಾಣೆಗೂ," ಎಂದ, ಕೋವಿ ಒಪ್ಪಿಸಲು ಬಂದಿದ್ದ ರೈತ ವೆಂಕಟರೆಡ್ಡಿ.

ಆದರೆ ಕೋವಿಯ ಬಾಯಿಗೆ ಬಟ್ಟೆ ತುರುಕಿತ್ತು. ನನ್ನಪ್ಪ ಕೋವಿ ಹಿಡಿದು ಕಡಲೆಕಾಯಿ ಹೊಲ ಕಾಯುತ್ತಿದ್ದವನು. ಒಳಗೆ ಮದ್ದಿದ್ದಾಗ ಮಾತ್ರ, ಅದು ತೇವವಾಗದಿರಲೆಂದು ಹಾಗೆ ತುರುಕುತ್ತಿದ್ದ. ಕಸ ಗುಡಿಸುವವಳ ಮಾತು ಯಾರು ಕೇಳುತ್ತಾರೆಂದು ನಾನು ನೆಲ ಒರೆಸುತ್ತಾ ಹೋದೆ.

ಮೂರನೆಯ ದಿನ ಬಸವರಾಜು ಕೋವಿಗಳಿಗೆ ಚೀಟಿ ಕಟ್ಟುತ್ತಿದ್ದ. ಆ ಕೋವಿಯನ್ನು ನಳಿಕೆ ಹಿಡಿದು ಎಳೆದ. ಅದರ ಹಿಂಬದಿಯ ಸುತ್ತಿಗೆಯಂಥ ಕೊಕ್ಕೆ ಬೆಂಚಿಗೆ ಸಿಕ್ಕಿ ಎದ್ದು, ಕಿಡಿ ಕೊಡುವ ಕೇಪಿನ ಮೇಲೆ ಬಿತ್ತು. ಸದ್ದಿಗೆ ನನ್ನ ಕಿವಿ ಮುಚ್ಚಿಹೋಯಿತು. ಅವನ ಮೊಣಕಾಲಿದ್ದ ಜಾಗದಲ್ಲಿ ಮಾಂಸ, ಮೂಳೆ, ಖಾಕಿ ಬಟ್ಟೆ ಕಲಸಿಹೋಗಿತ್ತು. ರಕ್ತ ಬುಗ್ಗೆಯಂತೆ ಚಿಮ್ಮುತ್ತಿತ್ತು. ನನ್ನ ಸೆರಗು ಹರಿದು ಅವನ ತೊಡೆಗೆ ಬಿಗಿದು, ಅವನದೇ ಲಾಠಿ ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಿದೆ.

"ಅಜ್ಜಿ, ಕಾಲೈತಾ?"

"ಐತೆ ಕಣಪ್ಪ. ಕೆಳಗೆ ನೋಡ್ಬೇಡ, ನನ್ ಮುಖ ನೋಡು."

"ಅದ್ ನೋಡಿದ್ರೆ ಇನ್ನೂ ಭಯ ಆಗ್ತದೆ," ಎಂದು ಕಣ್ಣು ಮುಚ್ಚಿದ.

ಬದುಕಿದ. ಕಾಲು ಉಳಿಯಲಿಲ್ಲ.

ಸಂಜೆ ವೆಂಕಟರೆಡ್ಡಿಯನ್ನು ಹಿಡಿದು ತಂದರು. "ಒಂದ್ಸಲದ ಮದ್ದು ಸುಮ್ನೆ ಹಾಳಾಗ್ತಿತ್ತಲ್ಲಮ್ಮ," ಎಂದ. ಕೆನ್ನೆಗೆ ಬಾರಿಸಿದೆ. ತುಟಿ ಒಡೆಯಿತು. ಯಾರೂ ತಡೆಯಲಿಲ್ಲ. ನನ್ನ ಕೆನ್ನೆಗೂ ಒಂದು ಬೀಳಬೇಕಿತ್ತು.

ಖಾಲಿಯೋ ಅಲ್ಲವೋ ಎಂದು ಕೋವಿಯನ್ನೇ ಕೇಳಬೇಕು, ಒಡೆಯನನ್ನಲ್ಲ. ಆ ಕೆಲಸ ನನಗೆ ಕಲಿಸಿದ್ದು ಅದೊಂದೇ.

ಮಾರನೆಯ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರಿಗೆ ಹೇಳಿದೆ: "ಮೊದ್ಲು ಕೋವಿ ಅಳೀಬೇಕು ಸಾರ್. ಆಮೇಲೇ ಪೊರಕೆ ಹಿಡಿಯೋದು." ಉಳಿದ ಹನ್ನೊಂದರ ಕೇಪು ತೆಗೆಸಿ, ಒಂದೊಂದಕ್ಕೂ ಕಡ್ಡಿ ಇಳಿಸಿದೆ. ಒಂಬತ್ತರಲ್ಲಿ ತಳ ಮುಟ್ಟಿತು. ಎರಡರಲ್ಲಿ ಮುಟ್ಟಲಿಲ್ಲ, ಒಳಗೆ ಮದ್ದಿತ್ತು. ಮದ್ದು ನೆನೆದು ಸಿಡಿಯದಿರಲೆಂದು ಆ ಎರಡರ ನಳಿಕೆಗೂ ನೀರು ಹೊಯ್ದು, ಅದೇ ಬಕೆಟ್ಟಿನಲ್ಲಿ ಉಳಿದ ನೀರಿನಿಂದ ಬಸವರಾಜುವಿನ ರಕ್ತ ತೊಳೆದೆ.