ಗ್ಯಾರಂಟಿ ಕೊಡದ ಡಾಕ್ಟರು

ಗೆಳೆಯರೇ, ವಾರದಿಂದ ಮುಚ್ಚಿಟ್ಟಿದ್ದೆ. ನನ್ನ ಎಡಗಿವಿ ಇದ್ದಕ್ಕಿದ್ದಂತೆ ಕೇಳಿಸದಾಗಿದೆ. ಇಂದು ಬೆಳಿಗ್ಗೆ ಗುಟ್ಟಾಗಿ ತೇನಿ ಪಟ್ಟಣದ ಡಾಕ್ಟರಿಗೆ ತೋರಿಸಿದೆ. "ಸ್ಟೀರಾಯ್ಡ್ ಕೊಟ್ಟು ನೋಡೋಣ, ತಡ ಮಾಡಬಾರದು. ವಾಸಿಯಾಗಬಹುದು, ಆಗದೆಯೂ ಇರಬಹುದು. ಕೆಲವರಿಗೆ ತಾನಾಗಿಯೇ ಸರಿಹೋಗುತ್ತೆ. ಮನೆಯಲ್ಲಿ ಹೇಳಿ, ನಾಳೆ ಬಂದು ಆಸ್ಪತ್ರೆಗೆ ಸೇರು" ಎಂದರು.

ಮನೆಯಲ್ಲಿ ಹೇಳಿದ್ದೇ ತಡ, ಮಾಮ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದರು.

"ನಂಗೂ ಹಿಂಗೇ ಆಗಿತ್ತು ಕಣೇ, ಇದ್ರಲ್ಲೇ ವಾಸಿ ಆಯ್ತು."

"ಆವಾಗ ಮಾತ್ರೆ ನುಂಗ್ಲಿಲ್ವಾ ಮಾಮಾ?"

"ಅದೂ ನುಂಗ್ದೆ."

"ಮತ್ತೆ ಎಣ್ಣೆದೇ ಅಂತ ಹೆಂಗ್ ಗೊತ್ತು?"

"ಇಸ್ಕೂಲು ಬಿಟ್ಟವಳು ಕೇಳೋ ಕೇಳ್ವಿ ನೋಡು!" ಎಂದು ಅಮ್ಮ ರೇಗಿದಳು. "ಆ ಡಾಕ್ಟ್ರೇ ಗ್ಯಾರಂಟಿ ಇಲ್ಲ ಅಂತಾರೆ, ಅಲ್ಲಿಗ್ಯಾಕೆ ಓಡ್ತೀಯೇ?"

ಅದಕ್ಕೇ ಅಮ್ಮಾ, ಎಂದುಕೊಂಡೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ನಾನು ಕಂಡವರಲ್ಲಿ ಅವರೊಬ್ಬರೇ. ಎಣ್ಣೆ ದೋಸೆಗಿರಲಿ.

ನಾಳೆ ಮೊದಲ ಬಸ್ಸಿಗೆ ತೇನಿಗೆ ಹೊರಡುತ್ತೇನೆ.