ಅಜ್ಜಿ ಖಾಲಿ ಬಿಡಿಸಿದ ಹತ್ತು ದಿನ

ಮಸ್ಕತ್ತಿನಿಂದ ಚಾಮರಾಜನಗರಕ್ಕೆ ವಾಪಸಾಗುತ್ತಿದ್ದೇವೆ. ಮಗಳಿಗೆ ಮನೆಯಲ್ಲೇ ಪಾಠ. ಅವಳ ಕ್ಯಾಲೆಂಡರಿನಲ್ಲಿ ಇಲ್ಲಿನ ಶುಕ್ರವಾರದ ರಜೆಯನ್ನು ಊರಿನ ಭಾನುವಾರಕ್ಕೆ ಸರಿಸಿ, ಪ್ರಯಾಣದಲ್ಲಿ ತಪ್ಪುವ ಪಾಠಗಳನ್ನು ಮುಂದಿನ ಚೌಕಗಳಿಗೆ ತುರುಕುತ್ತಿದ್ದೆ. ಪೆನ್ಸಿಲ್ ಕೆತ್ತಿದ ವಾಸನೆ ನನ್ನನ್ನು ನೇರ ಬಾಲ್ಯದ ಹಂಗಳಕ್ಕೆ ಒಯ್ದಿತು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಕೇರಳದ ಬತ್ತೇರಿಯಿಂದ ತಂದು ಅಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. ನಾನು ಶಾಲೆಯಲ್ಲಿ ಕಲಿತಿದ್ದು ಮಲಯಾಳ. ಜೂನ್‌ಗೆ ಶಾಲೆ ಸೇರುವಷ್ಟರಲ್ಲಿ ಕನ್ನಡ ಓದಲು ಬರೆಯಲು ಬರಬೇಕು, ಇಲ್ಲದಿದ್ದರೆ ಒಂದು ಕ್ಲಾಸು ಹಿಂದೆ. ತಾತ ಬೀಡಿ ಕಚ್ಚಿಕೊಂಡು, ಪೆನ್ಸಿಲ್ ಕೆತ್ತಿ, ಗೋಡೆಯ ಕ್ಯಾಲೆಂಡರಿನಲ್ಲಿ ಮಾರನೆಯ ದಿನದ ಚೌಕದಿಂದಲೇ ಒಂದೊಂದು ಅಕ್ಷರ ಬರೆಯತೊಡಗಿದರು.

ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿದಳು. "ಮೊದ್ಲ ಹತ್ತು ದಿನ ಖಾಲಿ ಬುಡಿ."

"ದಿನ ಸಾಲಾಕಿಲ್ಲ ಕಣಮ್ಮಿ."

"ಅವ್ವ ಸತ್ತೋದ್ಮೇಲೆ ಮಗ ಒಂದ್ ಹನಿ ಕಣ್ಣೀರಾಕಿಲ್ಲ. ಅಳಾಕೂ ದಿನ ಬ್ಯಾಡ್ವಾ?"

ತಾತ ಬೆರಳಿಗೆ ಎಂಜಲು ಹಚ್ಚಿ ಬರೆದದ್ದನ್ನು ಉಜ್ಜಿದರು. ಏಳನೆಯ ದಿನ ಅಜ್ಜಿಯ ಸೆರಗಿನಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಜೂನ್‌ನಲ್ಲಿ ಒಂದು ಕ್ಲಾಸು ಹಿಂದೆಯೇ ಕೂತೆ. ಯಾವ ಲೆಕ್ಕವನ್ನೂ ಬಿಡದ ಆಸಾಮಿ ನಾನು. ಆ ವರ್ಷವನ್ನು ಮಾತ್ರ ನಷ್ಟಕ್ಕೆ ಸೇರಿಸಿಲ್ಲ.

ಇಲ್ಲಿ ಮಗಳು ಗೆಳತಿಗೆ ಬಿಟ್ಟುಹೋಗುವ ಆಟಿಕೆಗಳನ್ನು ಒಂದೊಂದನ್ನೇ ಸವರಿ ಬೇರೆ ಇಡುತ್ತಿದ್ದಳು. ಊರು ಸೇರಿದ ಮೇಲಿನ ಮೊದಲ ಹತ್ತು ಚೌಕ ಒರೆಸಿದೆ.

"ಇಲ್ಲೇನು ಪಾಠ ಅಪ್ಪಾ?" ಎಂದಳು.

"ಅಲ್ಲೇನೂ ಇಲ್ಲ ಬುಡವ್ವ" ಎಂದೆ.