ಮಹಾನಂದಾ ವೈನಿ ಹುಡುಕಿದ ಫೈಲು

"ಅಣ್ಣಾರ, ಆ ಫೈಲ್ ಎಲ್ಲಿ ಅದರಿ?"

ಹೋದ ತಿಂಗಳು ಒಂದು ಬೆಳಿಗ್ಗೆ ಖಜೂರಿಯಿಂದ ಮಹಾನಂದಾ ವೈನಿ ಫೋನ್ ಮಾಡಿ ಕೇಳಿದ ಮೊದಲ ಮಾತು ಇದು. ನಾನು ಆಳಂದದಲ್ಲಿ, ನಮ್ಮ ದಾಲ್ ಮಿಲ್ಲಿನೊಳಗೆ ಇದ್ದೆ. ಮಷೀನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಹೊರಗೆ ಬಂದೆ. (ಕೇಳಿಸಿತ್ತು. ಉತ್ತರ ಯೋಚಿಸಲು ನಾಲ್ಕು ಹೆಜ್ಜೆ ಬೇಕಾಗಿತ್ತು.)

"ಯಾವ ಫೈಲ್ ವೈನಿ?"

"ಅದೇರಿ, ನಿಮ್ಮ ಗೆಳೆಯಾರದು. ಹಾರ್ಟ್ ಚೆಕಪ್ ಮಾಡಿಸಿದ್ದು. ಕಪಾಟ್ ನೋಡೀನಿ, ಟ್ರಂಕ್ ನೋಡೀನಿ, ಆಫೀಸಿನ್ಯಾಗ ಎಲ್ಲಾ ತೆಗೆದು ನೋಡೀನಿ. ಎಲ್ಲೂ ಇಲ್ಲ. ಆವತ್ತ ನೀವು ಜೋಡಿ ಹೋಗಿದ್ರಲ್ಲ, ನಿಮ್ಮ ಗಾಡ್ಯಾಗ ಏನರ ಉಳದದೇನು?"

ನೋಡುತ್ತೇನೆ ಎಂದೆ. ಫೋನ್ ಇಟ್ಟು ಕಾರಿನ ಬಾಗಿಲು ತೆಗೆದು ಖರೆಯಾಗಿಯೂ ಹುಡುಕಿದೆ. ಇಲ್ಲದ ಫೈಲನ್ನು ಯಾರಾದರೂ ಹುಡುಕುತ್ತಾರೆಯೇ? ನಾನು ಸೀಟಿನ ಕೆಳಗೂ ಕೈ ಹಾಕಿ ನೋಡಿದೆ.

ಅಂಥ ಫೈಲು ಯಾವತ್ತೂ ಇರಲಿಲ್ಲ. ಅದು ಗೊತ್ತಿದ್ದವರು ಇಬ್ಬರು. ಅವರಲ್ಲಿ ಒಬ್ಬ ಈಗ ಇಲ್ಲ.

ಗುರುಶಾಂತನ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಓದದವರಿಗೆ ಹೇಳುತ್ತೇನೆ. ಖಜೂರಿಯವನು, ಹನ್ನೊಂದು ಲಾರಿಗಳ ಮಾಲೀಕ, ನನ್ನ ಗೆಳೆಯ. ಐದು ತಿಂಗಳ ಹಿಂದೆ, ಬೆಳಿಗ್ಗೆ ಹತ್ತು ಗಂಟೆಗೆ, ತನ್ನದೇ ಲಾರಿಯ ಟೈರಿನ ಮೇಲೆ ಕೈ ಇಟ್ಟು ಡ್ರೈವರನ ಜೊತೆ ಮಾತಾಡುತ್ತ ನಿಂತಿದ್ದವನು ಹಾಗೇ ಕುಸಿದ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಐವತ್ತೊಂದು ವರ್ಷ.

ಮಹಾನಂದಾ ವೈನಿ ಅವನ ಹೆಂಡತಿ.

ನಮ್ಮ ನಾಲ್ವರ ಗುಂಪಿನ ಬಗ್ಗೆಯೂ ಒಮ್ಮೆ ಬರೆದಿದ್ದೆ. ಆಮೇಲೆ ಹಲವರು ಫೋನ್ ಮಾಡಿ ಕೇಳಿದಿರಿ, ಇಂಥ ಗುಂಪು ಕಟ್ಟುವುದು ಹೇಗೆ ಸ್ವಾಮಿ ಎಂದು. ಆಗ ಬಹಳ ಉತ್ಸಾಹದಿಂದ ಹೇಳಿದೆ. ಇವತ್ತು ಉಳಿದದ್ದನ್ನು ಹೇಳುತ್ತೇನೆ.

ಶುರುವಾದದ್ದು ಮೂರು ವರ್ಷದ ಹಿಂದೆ, ಒಂದು ಮದುವೆ ಊಟದಲ್ಲಿ. ಪಕ್ಕದಲ್ಲಿ ಜೇವರ್ಗಿಯ ಮಿಲಿಂದ ಕೂತಿದ್ದ. ಎಂಜಿನಿಯರ್, ದೊಡ್ಡ ದೊಡ್ಡ ಕಟ್ಟಡ ಕಟ್ಟಿಸುವವನು. ಅವನ ತಂದೆ ನಿಂಬರ್ಗಾದ ಹೊಲಗಳಲ್ಲಿ ತೊಗರಿ ಕೊಯ್ಯುವ ಕೂಲಿಯವರಾಗಿದ್ದರು. ಆಚೆ ಅಫಜಲಪುರದ ವಕೀಲ ಶಿವಶರಣಪ್ಪ, ಎದುರಿಗೆ ಗುರುಶಾಂತ. ಮಾತಿನ ನಡುವೆ ಮಿಲಿಂದ ಅಂದ, "ನೋಡ್ರಿ, ನಮಗ ಬೈಯಾವ್ರು ಯಾರೂ ಉಳದಿಲ್ಲ."

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಖರೆ ಅಲ್ಲವೇ? ಅಪ್ಪ ಇಲ್ಲ. ಮೇಷ್ಟ್ರು ಇಲ್ಲ. ಕೆಲಸದವರು ಅಂಜುತ್ತಾರೆ, ಮಕ್ಕಳು ಸುಮ್ಮನಿರುತ್ತಾರೆ, ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಾಳೆ. ಐವತ್ತು ದಾಟಿ ಕೈಯಲ್ಲಿ ನಾಲ್ಕು ಕಾಸು ಬಂದ ಗಂಡಸಿಗೆ ಊರೆಲ್ಲ ಹೇಳುವುದು ಒಂದೇ ಮಾತು: "ಹೌದ್ರಿ ಸಾವ್ಕಾರ." ಹೀಗೆ ಹೌದು ಹೌದು ಅನ್ನಿಸಿಕೊಳ್ಳುತ್ತ ಮನುಷ್ಯ ಬೆಳೆಯುವುದು ಹೇಗೆ? ಬೊಜ್ಜು ಬೆಳೆಯುತ್ತದೆ, ಅಷ್ಟೇ.

ಹಾಗಾಗಿ ಗುಂಪು ಕಟ್ಟಿದೆವು. ತಿಂಗಳ ಕೊನೆಯ ಭಾನುವಾರ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ. ಫೋನ್ ಬಂದ್. ವ್ಯಾಪಾರದ ಮಾತು ಬಂದ್. ಪ್ರತಿಯೊಬ್ಬನೂ ಒಂದು ಕೆಲಸ ಮಾಡುತ್ತೇನೆಂದು ಮಾತು ಕೊಡಬೇಕು, ತನ್ನ ಬದುಕಿಗೆ ಬೇಕಾದದ್ದು, ತಾನು ಮುಂದೂಡುತ್ತ ಬಂದದ್ದು. ಮುಂದಿನ ತಿಂಗಳು ಮಾಡಿದೆನೋ ಇಲ್ಲವೋ ಎಂದು ಅವನು ಹೇಳುವಂತಿಲ್ಲ. ಅವನ ಜೋಡಿಯವನು ಹೇಳಬೇಕು. ನೋಡಿ ಹೇಳಬೇಕು, ಕೇಳಿ ಹೇಳಬಾರದು. ಈ ರೂಲ್ ಗುರುಶಾಂತನದು.

"ಡ್ರೈವರ್ ಟೈರ್ ನೋಡೀನಿ ಅಂತಾನ. ನಾ ನಂಬಂಗಿಲ್ಲ. ಜೋಡಿ ಡ್ರೈವರ್ ನೋಡಿದ್ರ ಮಾತ್ರ ಗಾಡಿ ಬಿಡ್ತೇನಿ," ಅಂದಿದ್ದ.

ಕೆಲಸ ಮಾಡದವನಿಗೆ ಶಿಕ್ಷೆ: ಊಟವಾದ ಮೇಲೆ ಎಲ್ಲರ ತಾಟು ತೊಳೆಯುವುದು.

ಅಫಜಲಪುರದಲ್ಲಿ ಮೊದಲ ಸಲ ಗುರುಶಾಂತ ಸಿಕ್ಕಿಬಿದ್ದ. ಶಿವಶರಣಪ್ಪನ ತಾಯಿ ಹಿತ್ತಲಿಗೆ ಓಡಿ ಬಂದರು. "ಯವ್ವಾ, ಲಾರಿ ಸಾವ್ಕಾರನ ಕೈಲೆ ಮುಸುರಿ ತೊಳಸ್ತೀರೇನ್ರೋ! ಪಾಪ ಹತ್ತತದ!"

ಗುರುಶಾಂತ ತಲೆ ಎತ್ತಲಿಲ್ಲ. "ಅವ್ವಾ, ಇದು ಮಿಲಿಂದಂದು ತಾಟು ನೋಡ್ರಿ. ಹೆಂಗ ಬಳದು ತಿಂದಾನ, ತೊಳಿಯಾಕ ಏನೂ ಇಟ್ಟಿಲ್ಲ."

ಮುದುಕಿ ಒಂದು ಗಳಿಗೆ ಆ ತಾಟನ್ನೇ ನೋಡಿ ಒಳಗೆ ಹೋದರು. ಜಾತಿಯ ಮಾತನ್ನು ನಾವು ಯಾರೂ ಎತ್ತಲಿಲ್ಲ. ಗುರುಶಾಂತ ತಾಟು ತೊಳೆದು ಬಿಸಿಲಿಗೆ ಬೋರಲು ಹಾಕಿದ.

ಗುಂಪಿನಿಂದ ಲಾಭವಾಯಿತೇ? ಆಯಿತು. ಶಿವಶರಣಪ್ಪ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಹೋಗಿ ಚಹಾ ಕುಡಿದು ಬಂದ. ಮಿಲಿಂದ ಸಾಲಿಗೆ ಹೋಗಿ ತನ್ನ ಮಗಳು ಯಾವ ಕ್ಲಾಸಿನಲ್ಲಿದ್ದಾಳೆಂದು ತಿಳಿದುಕೊಂಡ. (ನಗಬೇಡಿ. ನಿಮ್ಮ ಮಗಳ ಕ್ಲಾಸ್ ಟೀಚರ್ ಹೆಸರೇನು?) ಹತ್ತನೆಯ ಕ್ಲಾಸು ಓದಿದ ನಾನು ಈ ಅಂಕಣ ಬರೆಯಲು ಶುರು ಮಾಡಿದೆ.

ನನ್ನ ಜೋಡಿ ಗುರುಶಾಂತ. ಪ್ರತಿ ಗುರುವಾರ ಅವನ ಫೋನ್ ಬರುತ್ತಿತ್ತು.

"ಬರದಿಯೇನಲೇ?"

"ಬರಿಯಾಕತ್ತೇನಿ."

"ನಾ ನೋಡಿಲ್ಲ, ಅದಕ್ಕ ನಂಬಂಗಿಲ್ಲ. ಓದು."

ಓದುತ್ತಿದ್ದೆ. ಆ ಕಡೆ ಲಾರಿಗಳ ಹಾರ್ನು. ಮುಗಿದ ಮೇಲೆ ಹೇಳುತ್ತಿದ್ದ, "ನಡುವ ಭಾಳ ಶಾಣ್ಯಾತನ ಮಾಡಿದಿ. ತೆಗಿ ಅದನ್ನ."

ಈಗ ಗುರುವಾರ ಫೋನ್ ಬರುವುದಿಲ್ಲ. ಬರಹದಲ್ಲಿ ಶಾಣ್ಯಾತನ, ಆ ಅತಿ ಜಾಣತನ, ಉಳಿದುಬಿಡುತ್ತದೆ.

ಇನ್ನು ಆ ಚೆಕಪ್ಪಿನ ಮಾತು. ಹೋದ ವರ್ಷದ ಕೊನೆಗೆ ಗುರುಶಾಂತ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದ್ದ. ನಿಂತು, ಫೋನ್ ನೋಡುವವನ ಹಾಗೆ ಮಾಡುತ್ತಿದ್ದ. ಡ್ರೈವರುಗಳ ಕಣ್ಣು ವರ್ಷ ವರ್ಷ ತಪ್ಪದೆ ತಪಾಸಣೆ ಮಾಡಿಸುತ್ತಿದ್ದವನು ತನ್ನ ಎದೆಯನ್ನು ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಎಲ್ಲರೂ ಬೈದೆವು. ಕಲಬುರಗಿಗೆ ಹೋಗಿ ತೋರಿಸುತ್ತೇನೆ ಎಂದು ಮಾತು ಕೊಟ್ಟ. ನೋಡಿ ಹೇಳಬೇಕಾದವನು ನಾನು. ಅಂದರೆ ಜೊತೆಗೆ ಹೋಗಬೇಕಾದವನು ನಾನು.

ಮೊದಲ ತಿಂಗಳು ಅವನಿಗೆ ಸೊಲ್ಲಾಪುರದಲ್ಲಿ ಏನೋ ಕೆಲಸ. ತಾಟು ತೊಳೆದ. ಎರಡನೆಯ ತಿಂಗಳು ಅವನು ತಯಾರಿದ್ದ. "ಈ ವಾರ ಬ್ಯಾಡಲೇ, ಹೊಸಾ ತೊಗರಿ ಬರಾಕತ್ತದ, ಮಿಲ್ ಬಿಡಾಕ ಆಗಂಗಿಲ್ಲ," ಅಂದವನು ನಾನು. ಆ ಭಾನುವಾರ ಅವನು ನನ್ನ ಹೆಸರು ಹೇಳಲಿಲ್ಲ. ಸುಮ್ಮನೆ ಎದ್ದು ತಾಟು ತೊಳೆದ. ನಾನು ಕೂತು ನೋಡಿದೆ.

ಮೂರನೆಯ ತಿಂಗಳು ಸರದಿ ಅವನ ಮನೆಯದು. ಬಾಗಿಲಲ್ಲೇ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಇವತ್ತ ನನ್ನ ಮನಿಯಾಗ, ನನ್ನ ಹೆಂಡ್ತಿ ಎದುರಿಗೆ ತಾಟು ತೊಳಸಬ್ಯಾಡಲೇ. ಆಗ್ಯದ ಅಂತ ಹೇಳಿಬಿಡು. ಬರೋ ವಾರ ಇಬ್ಬರೂ ಹೋಗಿ ಬರೋಣು."

ನನಗೂ ಅದೇ ಬೇಕಾಗಿತ್ತು. ತಪ್ಪು ಅರ್ಧ ನನ್ನದೇ ಇತ್ತಲ್ಲ.

ಊಟಕ್ಕೆ ಕೂತೆವು. ಶಿವಶರಣಪ್ಪ ಕೋರ್ಟಿನಲ್ಲಿ ಕೇಳುವ ಹಾಗೆ ಕೇಳಿದ, "ನೋಡಿ ಹೇಳ್ತೀಯೋ, ಕೇಳಿ ಹೇಳ್ತೀಯೋ?"

"ನೋಡೇ ಹೇಳ್ತೇನಿ. ಆಗ್ಯದ. ಎಲ್ಲಾ ನಾರ್ಮಲ್."

ಮಿಲಿಂದ ಚಪ್ಪಾಳೆ ತಟ್ಟಿದ. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬುಟ್ಟಿ ಹಿಡಿದು ಮಹಾನಂದಾ ವೈನಿ ನಿಂತಿದ್ದರು. ಅವರು ಕೇಳಿಸಿಕೊಂಡರು. ಒಳಗೆ ಹೋಗಿ ಶೇಂಗಾ ಹೋಳಿಗೆ ತಂದು ನನ್ನ ತಾಟಿಗೆ ಎರಡು ಹಾಕಿ, ಬೇಡವೆಂದರೂ ತುಪ್ಪ ಸುರಿದರು.

ಬರೋ ವಾರ ಬಂತು, ಹೋಯಿತು. ಒಮ್ಮೆ ಆಗಿದೆ ಎಂದು ಹೇಳಿದ ಕೆಲಸಕ್ಕೆ ಯಾರು ಅವಸರ ಮಾಡುತ್ತಾರೆ? ಏಳು ವಾರಕ್ಕೆ ಅವನು ಹೋಗಿಬಿಟ್ಟ.

ವೈನಿ ಮತ್ತೆ ಫೋನ್ ಮಾಡಿದರು. ಕಾರಿನಲ್ಲಿ ಇಲ್ಲ ಎಂದೆ. (ಅದೊಂದು ಮಾತು ಖರೆ.) ಮೂರನೆಯ ಸಲ ಮಾಡಿದಾಗ ಅವರ ದನಿ ಬೇರೆಯಾಗಿತ್ತು.

"ಅಣ್ಣಾರ, ಒಂದ್ ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಫೈಲಿನ್ಯಾಗ ಕೆಟ್ಟದ್ದೇನರ ಬರದಿತ್ತೇನು? ಇಂಗ್ಲಿಷ್ ನನಗ ತಿಳಿಯಂಗಿಲ್ಲಂತ ಅವರು ನನಗ ಮುಚ್ಚಿಟ್ಟು ಹರದು ಒಗದ್ರೇನು? ಅದೊಂದು ತಿಳದ್ರ ನಾ ನಿದ್ದಿ ಮಾಡ್ತೇನಿ."

ನಾಲ್ಕು ತಿಂಗಳಿಂದ ಆ ಹೆಣ್ಣುಮಗಳು ಗಂಡ ತನ್ನನ್ನು ನಂಬದೆ ಸತ್ತನೇ ಎಂದು ಕೊರಗುತ್ತಿದ್ದಳು. ನನ್ನ ಒಂದು ಮಾತಿನಿಂದ.

ಮಿಲಿಂದನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಅಂದ, "ಹೇಳಬ್ಯಾಡ್ರಿ. ಹೇಳಿದ್ರ ಹೋದವರು ತಿರುಗಿ ಬರ್ತಾರೇನು? ಫೈಲ್ ಆಸ್ಪತ್ರ್ಯಾಗೇ ಉಳದದ, ಎಲ್ಲಾ ಚಲೋ ಇತ್ತು ಅಂದುಬಿಡ್ರಿ."

ಎಷ್ಟು ಸಲೀಸು! ಒಂದು ಗಳಿಗೆ ನನಗೂ ಹಗುರಾಯಿತು. ನಾವು ದೊಡ್ಡವರಾದದ್ದೇ ಹೀಗೆ ಅಲ್ಲವೇ, ಎಲ್ಲವನ್ನೂ ಮ್ಯಾನೇಜ್ ಮಾಡುತ್ತ? ಅರ್ಧ ಗಂಟೆಗೆ ಅವನದೇ ಫೋನ್ ಬಂತು. "ನಾ ತಪ್ಪು ಹೇಳ್ದೆ. ಹೋಗಿ ಹೇಳ್ರಿ. ಬೇಕಂದ್ರ ನಾನೂ ಬರ್ತೇನಿ."

ಒಬ್ಬನೇ ಹೋದೆ.

ವೈನಿ ಈಗ ಲಾರಿ ಆಫೀಸಿನಲ್ಲಿ ಕೂಡುತ್ತಾರೆ, ಅವನ ಕುರ್ಚಿಯಲ್ಲಲ್ಲ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಡ್ರೈವರುಗಳು ಹೊರಗೆ ಹೋಗುವವರೆಗೆ ಕಾದು ಹೇಳಿದೆ. ಫೈಲು ಇಲ್ಲ. ಇರಲೇ ಇಲ್ಲ. ನಾವು ಹೋಗಲೇ ಇಲ್ಲ.

"ಮತ್ತ ಆವತ್ತ ನೀವು ಅಂದದ್ದು?"

"ಸುಳ್ಳು ಹೇಳಿದೆ ವೈನಿ."

ಹೊರಗೆ ಒಂದು ಲಾರಿ ಹಿಂದೆ ಹಿಂದೆ ಬರುತ್ತಿತ್ತು. ಅದು ನಿಂತ ಮೇಲೆ ಅವರು ಅಂದರು:

"ಮೂರು ತಿಂಗಳು ದಿನಾ ಜಗಳ ಮಾಡೀನಿ ಅಣ್ಣಾರ. ಹೋಗ್ರಿ, ತೋರಿಸ್ಕೊಂಡು ಬರ್ರಿ ಅಂತ. ಒಂದಿನ ಅನ್ನ ಹಾಕಿಲ್ಲ. ನೀವು ಆಗ್ಯದ ಅಂದ ದಿನಾನೇ ಬಿಟ್ಟೆ. ಮತ್ತ ಒಂದ್ ಸಲಾನೂ ಕೇಳಿಲ್ಲ."

ಅಷ್ಟೇ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಸಮಾಧಾನಕ್ಕೆಂದು ನಾನೇ ಹೇಳಿದೆ, "ಅವನು ನಿಮಗೆ ಏನೂ ಮುಚ್ಚಿಡಲಿಲ್ಲ ವೈನಿ. ಅವನಿಗೂ ಗೊತ್ತಿರಲಿಲ್ಲ."

"ಮುಚ್ಚಿಟ್ರಲ್ಲ. ಹೋಗಿಲ್ಲ ಅನ್ನೋದು ಮುಚ್ಚಿಟ್ರು. ಇಬ್ಬರೂ ಕೂಡೇ ಮುಚ್ಚಿಟ್ರಿ." ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನನ್ನೇ ದಿಟ್ಟಿಸಿ ಕೇಳಿದರು, "ನಿಮ್ಮದು ಆಗ್ಯದೇನು?"

ಓದುಗರೇ, ನಾಚಿಕೆ ಬಿಟ್ಟು ಹೇಳುತ್ತೇನೆ. "ಆಗ್ಯದ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗೆಳೆಯನನ್ನು ಮಣ್ಣು ಮಾಡಿ ಬಂದ ನಾವು ಮೂವರು, ನಾಲ್ಕು ತಿಂಗಳಲ್ಲಿ ಒಬ್ಬನೂ ಹೋಗಿರಲಿಲ್ಲ. ಪ್ರತಿ ತಿಂಗಳ ಕೊನೆಯ ಭಾನುವಾರ ಅವನನ್ನು ನೆನೆಸಿ ಕಣ್ಣೀರು ಹಾಕಿದ್ದೆವು, ಅಷ್ಟೇ.

"ಇಲ್ಲ ವೈನಿ."

"ಆ ಇಬ್ಬರದು?"

"ಇಲ್ಲ."

"ಸೋಮವಾರ ಜಲ್ದಿ ತಯಾರಾಗ್ರಿ. ಅವರಿಬ್ಬರಿಗೂ ಹೇಳ್ರಿ. ನಾ ಬರ್ತೇನಿ."

ಸೋಮವಾರ ವೈನಿ ಖಜೂರಿಯಿಂದ ಮೊದಲ ಬಸ್ಸಿಗೆ ಆಳಂದಕ್ಕೆ ಬಂದು ನನ್ನ ಮತ್ತು ನನ್ನ ಹೆಂಡತಿಯ ಜೊತೆ ಕಾರು ಹತ್ತಿದರು. ಮಿಲಿಂದ ಜೇವರ್ಗಿಯಿಂದ, ಶಿವಶರಣಪ್ಪ ಅಫಜಲಪುರದಿಂದ ಕಲಬುರಗಿಗೆ ಬಂದರು. ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ ಒಳಗೆ ಹೋದೆವು. ಶಿವಶರಣಪ್ಪ ಹೊಟ್ಟೆ ಒಳಗೆ ಎಳೆದುಕೊಂಡು ಹೋದದ್ದನ್ನು ನೋಡಿ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಎದೆಗೆ ವೈರು ಅಂಟಿಸಿ ಮಲಗಿಸಿದಾಗ ನನಗೆ ಒಂದೇ ಯೋಚನೆ: ಗುರುಶಾಂತ ಇದ್ದಿದ್ದರೆ ಈಗ ಏನೆನ್ನುತ್ತಿದ್ದ? ಏನೋ ಅನ್ನುತ್ತಿದ್ದ. ನನಗೆ ಹೊಳೆಯಲಿಲ್ಲ. ಅವನ ಮಾತು ಅವನಿಗೇ ಹೊಳೆಯಬೇಕು. "ಅಲುಗಾಡಬ್ಯಾಡ್ರಿ," ಎಂದು ಸಿಸ್ಟರ್ ಎರಡು ಸಲ ಹೇಳಿದರು.

ನನಗೆ ಎರಡು ಮಾತ್ರೆ ಬರೆದುಕೊಟ್ಟರು. ಮಿಲಿಂದನಿಗೆ ಇನ್ನೊಂದು ಟೆಸ್ಟ್ ಹೇಳಿದರು. ಶಿವಶರಣಪ್ಪನಿಗೆ ಬೈದು ಕಳಿಸಿದರು.

ಒಂಬತ್ತರಿಂದ ಒಂದು ಗಂಟೆಯವರೆಗೆ ಮಹಾನಂದಾ ವೈನಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಮ್ಮ ಮೂವರ ಮೊಬೈಲು, ಕೈಗಡಿಯಾರ ಅವರ ಉಡಿಯಲ್ಲಿ. ಚಹಾ ಕುಡಿದು ಬರೋಣ ಎಂದು ನನ್ನ ಹೆಂಡತಿ ಕರೆದರೂ ಏಳಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ಕತ್ತು ಎತ್ತಿ ನೋಡುತ್ತಿದ್ದರು, ಯಾರು ಹೊರಗೆ ಬಂದರು ಎಂದು.

ಗುರುಶಾಂತನಿಗಾಗಿ ಆ ಬೆಂಚಿನ ಮೇಲೆ ಒಂದೇ ಒಂದು ಬೆಳಿಗ್ಗೆ ಕೂಡಲು ನನಗೆ ಪುರುಸೊತ್ತು ಇರಲಿಲ್ಲ.